ಪದ ಪರಿಚಯ: ಸ್ತನ ಶಸ್ತ್ರಚಿಕಿತ್ಸಕ

ಶಸ್ತ್ರಚಿಕಿತ್ಸಕರನ್ನು ಕನ್ನಡದಲ್ಲಿ ಶಲ್ಯವೈದ್ಯರೆಂದೂ ಕರೆಯುವುದುಂಟು. ಶಲ್ಯವೆಂದರೆ ಮೈಯೊಳಗೆ ನಾಟಿಕೊಂಡ ಮುಳ್ಳು ಅಥವಾ ಬಾಣದ ಮೊನೆ. ಅದನ್ನು ಕಿತ್ತು ತೆಗೆದರೆ ಗಾಯ ಮಾಯುತ್ತದೆ. ಸ್ತನ ಕ್ಯಾನ್ಸರನ್ನೂ ವೈದ್ಯಲೋಕ ಬಹುಕಾಲ ಇಂಥದೊಂದು ಮುಳ್ಳೆಂದೇ ಭಾವಿಸಿತ್ತು. ಆ ಭಾವನೆ ಹೇಗೆ ಕಳಚಿಬಿತ್ತೆಂಬುದನ್ನು ತಿಳಿಯದೆ, ಆಡುಮಾತಿನಲ್ಲಿ ‘ಬ್ರೆಸ್ಟ್ ಸರ್ಜನ್’ ಎನಿಸಿಕೊಳ್ಳುವ ಈ ತಜ್ಞರ ಕೆಲಸದ ಅರ್ಥ ಪೂರ್ತಿಯಾಗಿ ತಿಳಿಯುವುದಿಲ್ಲ.

ಪದದ ನೇರ ಅರ್ಥ ಸರಳವಾಗಿದೆ. ವೈದ್ಯಕೀಯ ಪದವಿಯ ನಂತರ ಸಾಮಾನ್ಯ ಶಸ್ತ್ರಚಿಕಿತ್ಸೆಯಲ್ಲಿ ಹಲವು ವರ್ಷ ತರಬೇತಿ ಪಡೆದು, ಆಮೇಲೆ ಸ್ತನರೋಗಗಳಲ್ಲಿ, ಮುಖ್ಯವಾಗಿ ಸ್ತನ ಕ್ಯಾನ್ಸರ್‌ನಲ್ಲಿ, ವಿಶೇಷ ಪರಿಣತಿ ಗಳಿಸಿದವರು ಸ್ತನ ಶಸ್ತ್ರಚಿಕಿತ್ಸಕರು. ಈ ತರಬೇತಿಯ ಹೆಸರು, ಅವಧಿಗಳು ದೇಶದಿಂದ ದೇಶಕ್ಕೆ ಬೇರೆಯಾಗುತ್ತವೆ.

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅಮೆರಿಕದ ವಿಲಿಯಂ ಹಾಲ್‌ಸ್ಟೆಡ್ ಅವರು ‘ರ‍್ಯಾಡಿಕಲ್ ಮ್ಯಾಸ್ಟೆಕ್ಟಮಿ’ಯನ್ನು ಪ್ರಚಾರಕ್ಕೆ ತಂದರು. ರ‍್ಯಾಡಿಕಲ್ ಎಂಬುದು ಬೇರು ಎಂಬರ್ಥದ ಲ್ಯಾಟಿನ್ ಪದದಿಂದ ಬಂದದ್ದು. ಬೇರುಸಹಿತ ಕೀಳುವುದೇ ಅವರ ಉದ್ದೇಶ. ಇಡೀ ಸ್ತನ, ಅದರ ಅಡಿಯಲ್ಲಿರುವ ಎದೆಯ ಸ್ನಾಯುಗಳು, ಕಂಕುಳಿನ ದುಗ್ಧಗ್ರಂಥಿಗಳು (ಲಿಂಫ್ ನೋಡ್‌ಗಳು), ಇಷ್ಟನ್ನೂ ಒಟ್ಟಿಗೆ ತೆಗೆಯಲಾಗುತ್ತಿತ್ತು. ಕ್ಯಾನ್ಸರ್ ಗಡ್ಡೆಯಿಂದ ಹೊರಟು ಸುತ್ತಮುತ್ತ ಹಂತಹಂತವಾಗಿ ಹರಡುತ್ತದೆ, ಆದ್ದರಿಂದ ಹೆಚ್ಚು ಕತ್ತರಿಸಿದಷ್ಟೂ ಹೆಚ್ಚು ಜೀವ ಉಳಿಯುತ್ತದೆ ಎಂಬ ಈ ವಾದ ಮೇಲ್ನೋಟಕ್ಕೆ ಎಷ್ಟು ಸಮಂಜಸವಾಗಿ ಕಂಡಿತೆಂದರೆ, ಮುಕ್ಕಾಲು ಶತಮಾನದವರೆಗೆ ಅದನ್ನು ಸರಿಯಾದ ಪರೀಕ್ಷೆಗೆ ಒಡ್ಡುವ ಕೆಲಸವೇ ನಡೆಯಲಿಲ್ಲ.

ಆ ಪರೀಕ್ಷೆಯನ್ನು ನಡೆಸಿದವರೂ ಶಸ್ತ್ರಚಿಕಿತ್ಸಕರೇ ಎಂಬುದು ಗಮನಾರ್ಹ. ಪಿಟ್ಸ್‌ಬರ್ಗ್‌ನ ಬರ್ನಾರ್ಡ್ ಫಿಶರ್ ಅವರು, ಕ್ಯಾನ್ಸರ್ ಕೋಶಗಳು ಬಹಳ ಮೊದಲೇ ರಕ್ತದ ಮೂಲಕ ದೇಹದಲ್ಲಿ ಸಂಚರಿಸಿರಬಹುದು, ಹಾಗಿದ್ದಲ್ಲಿ ಸ್ತನವನ್ನು ಎಷ್ಟು ಕತ್ತರಿಸಿದರೂ ಬದುಕುಳಿಯುವ ಪ್ರಮಾಣ ಬದಲಾಗದು ಎಂದು ವಾದಿಸಿ, 1976ರಲ್ಲಿ ದೊಡ್ಡದೊಂದು ಅಧ್ಯಯನವನ್ನು ಆರಂಭಿಸಿದರು. ನಾಲ್ಕು ಸೆಂಟಿಮೀಟರಿಗಿಂತ ದೊಡ್ಡದಲ್ಲದ ಗಡ್ಡೆಯಿದ್ದ ಮಹಿಳೆಯರಲ್ಲಿ ಯಾರಿಗೆ ಇಡೀ ಸ್ತನ ತೆಗೆಯಬೇಕು, ಯಾರಿಗೆ ಗಡ್ಡೆಯನ್ನಷ್ಟೇ ತೆಗೆಯಬೇಕು, ಯಾರಿಗೆ ಗಡ್ಡೆ ತೆಗೆದು ವಿಕಿರಣ ಚಿಕಿತ್ಸೆಯನ್ನೂ ಕೊಡಬೇಕು ಎಂಬುದು ಚೀಟಿ ಎತ್ತಿದಂತೆ ಯಾದೃಚ್ಛಿಕವಾಗಿ ನಿರ್ಧಾರವಾಗುತ್ತಿತ್ತು. ಇಟಲಿಯ ಮಿಲಾನ್‌ನಲ್ಲಿ ಉಂಬರ್ಟೊ ವೆರೊನೇಸಿ ಅವರು 701 ಮಹಿಳೆಯರೊಂದಿಗೆ ಇಂಥದೇ ಅಧ್ಯಯನ ನಡೆಸಿದ್ದರು. ಎರಡರ 20 ವರ್ಷಗಳ ಫಲಿತಾಂಶವೂ 2002ರಲ್ಲಿ ಹೊರಬಂತು: ಸ್ತನ ಉಳಿಸಿಕೊಂಡವರೂ ಕಳೆದುಕೊಂಡವರೂ ಸರಿಸಮನಾಗಿ ಬದುಕುಳಿದಿದ್ದರು. ಫಿಶರ್ ಅವರ ಅಧ್ಯಯನದಲ್ಲಿ, ಗಡ್ಡೆಯನ್ನಷ್ಟೇ ತೆಗೆಸಿಕೊಂಡವರ ಪೈಕಿ ಶೇ. 39.2 ಮಂದಿಗೆ ಅದೇ ಸ್ತನದಲ್ಲಿ ರೋಗ ಮರುಕಳಿಸಿತು; ವಿಕಿರಣವನ್ನೂ ಪಡೆದವರಲ್ಲಿ ಈ ಪ್ರಮಾಣ ಶೇ. 14.3 ಮಾತ್ರ. ಸ್ತನ ಉಳಿಸುವ ಶಸ್ತ್ರಚಿಕಿತ್ಸೆಯ ಜೊತೆಗೆ ಸಾಮಾನ್ಯವಾಗಿ ವಿಕಿರಣ ಚಿಕಿತ್ಸೆಯನ್ನೂ ಹೇಳುವುದು ಇದಕ್ಕಾಗಿಯೇ.

ಹೀಗಾಗಿ ಈ ವಿಭಾಗದಲ್ಲಿ ಶಸ್ತ್ರಚಿಕಿತ್ಸಕರ ಹೆಸರಿನ ಜೊತೆ ಬರುವ ‘ಸಂಶೋಧಕ’ ಎಂಬುದನ್ನು ಪದವಿಯ ಪಕ್ಕಕ್ಕೆ ಸೇರಿಸಿದ ಅಲಂಕಾರವೆಂದು ತಿಳಿಯುವುದು ತಪ್ಪು ಎಂದು ನನ್ನ ಅನಿಸಿಕೆ. ತನ್ನ ಕೈಚಳಕವನ್ನೇ ಸಂಶಯಿಸಿ ಲೆಕ್ಕಕ್ಕೆ ಹಚ್ಚುವುದು ಇಲ್ಲಿ ಕಸುಬಿನದೇ ಒಂದು ಭಾಗ.

ಇಷ್ಟೊಂದು ಕತ್ತರಿಸಬೇಕೆ ಎಂಬ ಅದೇ ಪ್ರಶ್ನೆ ಸ್ತನದ ನಂತರ ಕಂಕುಳಿಗೆ ಬಂತು. ಅಲ್ಲಿನ ಗ್ರಂಥಿಗಳನ್ನೆಲ್ಲ ತೆಗೆದಾಗ ದುಗ್ಧರಸದ ಹರಿವಿಗೆ ತಡೆಯಾಗಿ ಕೆಲವರ ತೋಳು ಬಾತುಕೊಳ್ಳುತ್ತದೆ, ಮತ್ತು ಆ ಬಾವು ಜೀವಮಾನವಿಡೀ ಉಳಿಯಬಹುದು. 1990ರ ದಶಕದಲ್ಲಿ ಬಳಕೆಗೆ ಬಂದ ‘ಸೆಂಟಿನೆಲ್ ನೋಡ್ ಬಯಾಪ್ಸಿ’ ಇದಕ್ಕೆ ದಾರಿ ತೋರಿತು. ಸೆಂಟಿನೆಲ್ ಎಂದರೆ ಕಾವಲುಗಾರ. ನೀಲಿ ಬಣ್ಣವನ್ನೋ ಅಲ್ಪ ವಿಕಿರಣಶೀಲ ದ್ರವವನ್ನೋ ಸ್ತನಕ್ಕೆ ಚುಚ್ಚಿದರೆ ಅದು ಮೊದಲು ಹೋಗಿ ಸೇರುವ ಒಂದೆರಡು ಗ್ರಂಥಿಗಳೇ ಕಾವಲು ಗ್ರಂಥಿಗಳು; ಅವುಗಳನ್ನಷ್ಟೇ ತೆಗೆದು ಪರೀಕ್ಷಿಸಿದಾಗ ಕ್ಯಾನ್ಸರ್ ಕಾಣದಿದ್ದರೆ ಉಳಿದವುಗಳನ್ನು ಮುಟ್ಟುವ ಅಗತ್ಯವಿಲ್ಲ.

ಈ ತಜ್ಞರು ಒಬ್ಬಂಟಿಯಾಗಿ ತೀರ್ಮಾನ ಕೈಗೊಳ್ಳುವುದು ಅಪರೂಪ. ಮ್ಯಾಮೊಗ್ರಾಂ ಓದುವ ರೇಡಿಯಾಲಜಿಸ್ಟ್, ಬಯಾಪ್ಸಿಯ ತುಣುಕನ್ನು ಸೂಕ್ಷ್ಮದರ್ಶಕದಲ್ಲಿ ನೋಡುವ ಪ್ಯಾಥಾಲಜಿಸ್ಟ್, ಔಷಧ ಮತ್ತು ವಿಕಿರಣ ಚಿಕಿತ್ಸೆಗಳ ತಜ್ಞರು, ಎಲ್ಲರೂ ಕಲೆತು ಚರ್ಚಿಸುವ ‘ಟ್ಯೂಮರ್ ಬೋರ್ಡ್’ ಸಭೆಯಲ್ಲಿ ಶಸ್ತ್ರಚಿಕಿತ್ಸೆ ಮೊದಲೋ ಕೀಮೋಥೆರಪಿ ಮೊದಲೋ ಎಂಬುದು ನಿರ್ಧಾರವಾಗುತ್ತದೆ. ಕೀಮೋಥೆರಪಿಯಿಂದ ಗಡ್ಡೆ ಕುಗ್ಗಿದರೆ, ಇಡೀ ಸ್ತನ ತೆಗೆಯಬೇಕಾಗಿದ್ದ ಕಡೆ ಅದನ್ನು ಉಳಿಸುವ ಅವಕಾಶವೂ ಸಿಗಬಹುದು.

ಈಚೆಗೆ ಕಾವಲು ಗ್ರಂಥಿಯ ಪರೀಕ್ಷೆಯೂ ಅದೇ ಪ್ರಶ್ನೆಯನ್ನು ಎದುರಿಸಿದೆ. ಎರಡು ಸೆಂಟಿಮೀಟರ್‌ವರೆಗಿನ ಗಡ್ಡೆಯಿದ್ದು, ಅಲ್ಟ್ರಾಸೌಂಡ್‌ನಲ್ಲಿ ಕಂಕುಳಿನ ಗ್ರಂಥಿಗಳು ಸಹಜವಾಗಿಯೇ ಕಂಡ ಮಹಿಳೆಯರಲ್ಲಿ ಈ ಬಯಾಪ್ಸಿಯನ್ನು ಕೈಬಿಟ್ಟರೂ ರೋಗ ದೂರದ ಅಂಗಗಳಿಗೆ ಹರಡುವ ಪ್ರಮಾಣ ಹೆಚ್ಚಲಿಲ್ಲವೆಂದು 2023ರಲ್ಲಿ ಪ್ರಕಟವಾದ ‘ಸೌಂಡ್’ ಎಂಬ ಅಧ್ಯಯನ ತಿಳಿಸಿತು. ಆದರೆ ಮುಂದೆ ಯಾವ ಔಷಧ ಕೊಡಬೇಕೆಂಬ ತೀರ್ಮಾನಕ್ಕೆ ಕೆಲವು ರೋಗಿಗಳಲ್ಲಿ ಗ್ರಂಥಿಯ ವರದಿ ಇಂದಿಗೂ ಬೇಕಾಗುವುದರಿಂದ, ಯಾರಲ್ಲಿ ಅದನ್ನು ಬಿಡಬಹುದೆಂಬುದನ್ನು ಒಬ್ಬೊಬ್ಬ ರೋಗಿಯ ಮಟ್ಟಿಗೂ ಬೇರೆಯಾಗಿಯೇ ತೂಗಿ ನೋಡಬೇಕಾಗುತ್ತದೆ.