ಪೆಡಲ್ ತುಳಿದರೆ ಎಷ್ಟು ವ್ಯಾಟ್?

ಆರೋಗ್ಯವಾಗಿದ್ದರೂ ಸೈಕಲ್ ರೂಢಿಯಿಲ್ಲದ ವಯಸ್ಕರು ಒಂದು ಗಂಟೆ ಸತತವಾಗಿ ಕೊಡಬಲ್ಲದ್ದು 75ರಿಂದ 100 ವ್ಯಾಟ್. ಚೆನ್ನಾಗಿ ಪಳಗಿದ ಹವ್ಯಾಸಿಗಳು 200-250 ಮುಟ್ಟುತ್ತಾರೆ, ಟೂರ್ ಡಿ ಫ್ರಾನ್ಸ್ ಎಂಬ ಹೆಸರಾಂತ ಸೈಕಲ್ ಪಂದ್ಯದ ಮಟ್ಟದವರು 400ರ ಆಸುಪಾಸು. ಕೆಲವೇ ಸೆಕೆಂಡಿನ ಮಾತಾದರೆ ಟ್ರ್ಯಾಕ್ ಸ್ಪ್ರಿಂಟರುಗಳು 2,000 ದಾಟುವುದೂ ಉಂಟು. ಅಂಥವರಲ್ಲೊಬ್ಬರಾದ ಜರ್ಮನಿಯ ರಾಬರ್ಟ್ ಫೋರ್ಸ್ಟೆಮನ್ 700 ವ್ಯಾಟ್‌ನ ಟೋಸ್ಟರಿಗೆ ಪೆಡಲ್ ತುಳಿದು ಒಂದು ಬ್ರೆಡ್ ಚೂರು ಕಂದಿಸಿ, ನೆಲಕ್ಕೊರಗಿದರು. ಹುಟ್ಟಿದ ವಿದ್ಯುತ್ತು 0.021 ಯೂನಿಟ್!

ನಿಮ್ಮ ಕಾಲಿನ ಕಸುವು ತಿಳಿಯಲು ದುಬಾರಿ ಪವರ್ ಮೀಟರ್ ಬೇಡ, ನಂದಿಬೆಟ್ಟದಂಥ ಏರು ಸಾಕು. ಸವಾರ, ಸೈಕಲ್ ಸೇರಿ 80 ಕೆ.ಜಿ. ಎನ್ನಿ. 100 ಮೀಟರ್ ಎತ್ತರ ಏರಲು 8 ನಿಮಿಷ ಹಿಡಿದರೆ 80 × 9.8 × 100 ÷ 480, ಅಂದರೆ 163 ವ್ಯಾಟ್ (9.8 ಎಂಬುದು ಭೂಮಿಯ ಸೆಳೆತದ ಲೆಕ್ಕ, 480 ಎಂದರೆ 8 ನಿಮಿಷದ ಸೆಕೆಂಡುಗಳು). ಗಾಳಿ, ಟೈರಿನ ಬಾಬ್ತಿಗೆ ಇನ್ನೊಂದು 30-40 ಸೇರಿಸಿ. ಸಮತಟ್ಟಾದ ರಸ್ತೆಯಲ್ಲಿ ಇಷ್ಟು ಸಲೀಸಾಗಿ ಲೆಕ್ಕ ಸಿಗದು. ಅಲ್ಲಿ ಗಾಳಿಯದೇ ಕಾರುಬಾರು: ನೆಟ್ಟಗೆ ಕೂತು ಗಂಟೆಗೆ 20 ಕಿ.ಮೀ. ಹೋಗುವಾಗ ಅದು ಸುಮಾರು 50 ವ್ಯಾಟ್ ನುಂಗಿದರೆ, 30ರಲ್ಲಿ 170 ನುಂಗುತ್ತದೆ.

ಮನೆಯಲ್ಲಿ ಸೈಕಲ್ ನಿಲ್ಲಿಸಿ ವಿದ್ಯುತ್ ತೆಗೆಯುವವರು ಮೊದಲು ಮರೆಯುವುದು ಬೆವರನ್ನು. ಪೆಡಲಿಗೆ 100 ವ್ಯಾಟ್ ಮುಟ್ಟಿಸಲು ದೇಹ 400ಕ್ಕೂ ಹೆಚ್ಚು ಸುಡುತ್ತದೆ, ಉಳಿದದ್ದೆಲ್ಲ ಶಾಖ. ಎದುರುಗಾಳಿ ಇಲ್ಲದಿದ್ದರೆ ಹತ್ತಿಪ್ಪತ್ತು ನಿಮಿಷದಲ್ಲೇ ಕಾಲು ಸೋಲುತ್ತದೆ. ಹಾಗಾಗಿ ಒಂದು ಫ್ಯಾನ್ ಇಡಲೇಬೇಕು, ಅದೂ 30 ವ್ಯಾಟ್ ಕೇಳುತ್ತದೆ! ಎರಡನೆಯದು ತುಳಿತದ ವೇಗ. 170 ಮಿ.ಮೀ. ಕ್ರ್ಯಾಂಕಿನಲ್ಲಿ (ಪೆಡಲ್ ಕೂರುವ ತೋಳು) 100 ವ್ಯಾಟ್‌ಗೆ ನಿಮಿಷಕ್ಕೆ 80 ಸುತ್ತಾದರೆ ಸರಾಸರಿ 7 ಕೆ.ಜಿ. ಒತ್ತಡ ಸಾಕು, 40 ಸುತ್ತಾದರೆ 14 ಬೇಕು. ಮೊಣಕಾಲು ನೋಯುವುದು ಇಲ್ಲೇ.

ಹಳೆಯ ಕಾರಿನಲ್ಲಿ ವಿದ್ಯುತ್ ಹುಟ್ಟಿಸುವ ಆಲ್ಟರ್ನೇಟರ್ ಅಗ್ಗಕ್ಕೆ ಸಿಗುತ್ತದೆಂದು ಹಲವರು ಅದನ್ನೇ ಕೂರಿಸುತ್ತಾರೆ. ಬೇಡ. ತನ್ನ ಕಾಂತವನ್ನು ಎಬ್ಬಿಸಲೇ ಅದು ನಿಮ್ಮ ಶಕ್ತಿಯಲ್ಲಿ ಒಳ್ಳೆಯ ಪಾಲು ತಿನ್ನುತ್ತದೆ. ಶಾಶ್ವತ ಕಾಂತವಿರುವ 24 ವೋಲ್ಟ್‌ನ ಡಿಸಿ ಮೋಟರ್ ಮೇಲು, ಅದನ್ನು ನಾವೇ ತಿರುಗಿಸಿದರೆ ವಿದ್ಯುತ್ ಕೊಡುತ್ತದೆ. ಲೋಡ್ ಇಲ್ಲದೆ ನಿಮಿಷಕ್ಕೆ 3,300 ಸುತ್ತು ತಿರುಗುವ ಮೋಟರಾದರೆ, ಅದನ್ನು 2,200ಕ್ಕೆ ತಿರುಗಿಸಿದಾಗ 16 ವೋಲ್ಟ್ ಬರುತ್ತದೆ. ಒಳಗಿನ ನಷ್ಟ ಕಳೆದು 12 ವೋಲ್ಟ್ ಬ್ಯಾಟರಿ ಚಾರ್ಜ್ ಮಾಡಲು ಇದು ಹೇಗೋ ಸಾಲುತ್ತದೆ. ಟೈರು ತೆಗೆದು 60 ಸೆಂ.ಮೀ. ರಿಮ್ಮಿಗೇ ಬೆಲ್ಟ್ ಹಾಕಿ, ಮೋಟರಿಗೆ 5 ಸೆಂ.ಮೀ. ಪುಲ್ಲಿ ಕೂರಿಸಿ. ಪೆಡಲಿನ ಬಳಿ 44 ಹಲ್ಲಿನ ಚೈನ್‌ವ್ಹೀಲ್, ಹಿಂದಿನ ಚಕ್ರದಲ್ಲಿ 18 ಹಲ್ಲಿನ ಫ್ರೀವ್ಹೀಲ್ ಇದ್ದರೆ ನಿಮಿಷಕ್ಕೆ 75 ತುಳಿತಕ್ಕೆ ಆ ವೇಗ ಸಿಗುತ್ತದೆ. ಟೈರಿಗೆ ರೋಲರ್ ಒತ್ತುವ ಪದ್ಧತಿಯಲ್ಲಿ ರಬ್ಬರು ಬಿಸಿಯಾಗಿ, ಜಾರಿ, ಶಕ್ತಿ ಪೋಲಾಗುತ್ತದೆ.

ಇಷ್ಟು ಮಾಡಿದರೆ 100ರಲ್ಲಿ ಸುಮಾರು 60 ವ್ಯಾಟ್ ಬ್ಯಾಟರಿ ಸೇರೀತು. 500 ವ್ಯಾಟ್‌ನ ಮಿಕ್ಸಿಯಲ್ಲಿ ಮೂರು ನಿಮಿಷ ಚಟ್ನಿ ರುಬ್ಬಲು 25 ವ್ಯಾಟ್-ಗಂಟೆ ಬೇಕು. ಇನ್ವರ್ಟರ್, ಬ್ಯಾಟರಿಯ ನಷ್ಟ ಸೇರಿಸಿದರೆ ಅರ್ಧ ಗಂಟೆಗೂ ಮೀರಿದ ತುಳಿತ. ಬ್ಯಾಟರಿಯ ದಾರಿಯಲ್ಲಿ ಡಯೋಡ್ (ವಿದ್ಯುತ್ತನ್ನು ಒಂದೇ ದಿಕ್ಕಿಗೆ ಬಿಡುವ ಬಿಡಿಭಾಗ) ಹಾಕುವುದನ್ನು ಮಾತ್ರ ಮರೆಯಬೇಡಿ. ಇಲ್ಲದಿದ್ದರೆ ನೀವು ತುಳಿಯುವುದು ನಿಲ್ಲಿಸಿದ ಕೂಡಲೇ ಬ್ಯಾಟರಿಯೇ ಮೋಟರನ್ನು ತಿರುಗಿಸತೊಡಗುತ್ತದೆ.