ಜ್ವರ ಬಿಟ್ಟ ಮೇಲೆ ಹೃದಯದ ಫೋಟೋ

ಮೊನ್ನೆ ಒಬ್ಬರು ಸ್ಕ್ಯಾನ್ ರೂಮಿನ ಬಾಗಿಲಲ್ಲೇ ನನ್ನನ್ನು ನಿಲ್ಲಿಸಿ ಕೈಯಲ್ಲಿದ್ದ ವಾಚ್ ತೋರಿಸಿದರು. "ಮೇಡಂ, ಡೆಂಗಿ ಜ್ವರ ಬಿಟ್ಟು ಐದು ದಿನ ಆಯ್ತು. ರಾತ್ರಿ ಎಲ್ಲಾ ಇದು 46, 47 ಅಂತ ತೋರಿಸ್ತಿದೆ. ಹಾರ್ಟಿಗೆ ಏನೋ ಆಗಿದೆ, ಒಂದು ಎಂಆರ್‌ಐ ಮಾಡಿಬಿಡಿ." ತಲೆ ಸುತ್ತಿದೆಯಾ? ಇಲ್ಲ. ಎದೆ ನೋವು? ಇಲ್ಲ. ಮೆಟ್ಟಿಲು ಹತ್ತಿದರೆ ಏದುಸಿರು? ಅದೂ ಇಲ್ಲ. ಇಸಿಜಿ ನೋಡಿದೆ. ಬಡಿತ ನಿಧಾನ, ಬೇರೇನೂ ತಪ್ಪಿಲ್ಲ. ಡೆಂಗಿಯಿಂದ ಚೇತರಿಸಿಕೊಳ್ಳುವಾಗ ನಾಡಿ ಹೀಗೆ ನಿಧಾನ ಆಗುವುದು ತೀರಾ ಸಾಮಾನ್ಯ, ಹೆಚ್ಚಿನವರಲ್ಲಿ ಕೆಲವು ದಿನಗಳಲ್ಲಿ ತಾನೇ ಸರಿ ಹೋಗುತ್ತದೆ. ಹಾಗಂತ ಹೇಳಿ ಕಳಿಸಿದೆ. ಅವರಿಗೆ ಸಮಾಧಾನ ಆಗಲಿಲ್ಲ ಅಂತ ಮುಖ ನೋಡಿದರೇ ಗೊತ್ತಾಗುತ್ತಿತ್ತು.

ಆ ಭಯ ಸುಮ್ನೆ ಬಂದಿದ್ದಲ್ಲ. 2021ರ ಅಕ್ಟೋಬರಿನಲ್ಲಿ ಪುನೀತ್ ರಾಜ್‌ಕುಮಾರ್ ಹೋದಾಗ ಜಯದೇವ ಆಸ್ಪತ್ರೆ ಮುಂದೆ ಸಾಲು ನಿಂತಿತ್ತು. 2025ರಲ್ಲಿ ಹಾಸನದ ಹೃದಯಾಘಾತದ ಸಾವುಗಳು ಸುದ್ದಿಯಾದಾಗ ಮೈಸೂರಿನ ಜಯದೇವದಲ್ಲೂ ಅದೇ ಕತೆ. ಹೃದಯದ ಎಂಆರ್‌ಐ ಓದುವುದು ನನ್ನ ದಿನದ ಕೆಲಸ, ಆದ್ದರಿಂದ "ವೈರಸ್ ಬಂದು ಹೋದ ಮೇಲೆ ಒಮ್ಮೆ ಸ್ಕ್ಯಾನ್ ಮಾಡಿಸಿಕೊಂಡರೆ ಒಳ್ಳೇದಲ್ವಾ" ಅನ್ನುವ ಪ್ರಶ್ನೆ ಮದುವೆ ಮನೆ ಊಟದ ಸಾಲಿನಲ್ಲೂ ನನ್ನನ್ನು ಬಿಡುವುದಿಲ್ಲ.

ಮೊದಲು ಆ ಮೆಷಿನ್ ಒಳಗೆ ಏನಾಗುತ್ತದೆ ಅಂತ ಹೇಳುತ್ತೇನೆ. ಮುಕ್ಕಾಲು ಗಂಟೆ ಮಲಗಬೇಕು. ನಮ್ಮ ಟೆಕ್ನಿಷಿಯನ್ ಮೈಕಿನಲ್ಲಿ "ಉಸಿರು ತಗೊಳ್ಳಿ, ಬಿಡಿ, ಹಾಗೇ ಹಿಡ್ಕೊಳ್ಳಿ" ಅಂತ ಹತ್ತಾರು ಸಲ ಹೇಳುತ್ತಾರೆ. ಜ್ವರದಿಂದ ಎದ್ದು ಬಂದವರಿಗೆ ಇದೇ ಕಷ್ಟ, ನಡುವೆ ಕೆಮ್ಮು ಬಂತೋ, ಚಿತ್ರ ಅಲುಗಾಡಿಹೋಯಿತು. ನಾವು ಮುಖ್ಯವಾಗಿ ಹುಡುಕುವುದು ಎರಡು. ಒಂದು, ಹೃದಯದ ಮಾಂಸ ನೀರು ತುಂಬಿ ಊದಿಕೊಂಡಿದೆಯಾ ಅಂತ. ಅದಕ್ಕೆ ಟಿ1, ಟಿ2 ಅನ್ನುವ ಅಳತೆಗಳಿವೆ. ಇನ್ನೊಂದು, ಕಲೆ ಉಳಿದಿದೆಯಾ ಅಂತ. ಇದಕ್ಕೆ ಗ್ಯಾಡೋಲಿನಿಯಂ ಅನ್ನುವ ಔಷಧಿಯನ್ನು ಕೈಯ ರಕ್ತನಾಳಕ್ಕೆ ಚುಚ್ಚಿ, ಸುಮಾರು ಹತ್ತು ನಿಮಿಷ ಕಾದು ಚಿತ್ರ ತೆಗೆಯುತ್ತೇವೆ. ಮಳೆ ನಿಂತ ಮೇಲೆ ಒಳ್ಳೆ ರಸ್ತೆ ಬೇಗ ಒಣಗುತ್ತದೆ, ಗುಂಡಿ ಬಿದ್ದ ಕಡೆ ನೀರು ನಿಂತೇ ಇರುತ್ತದಲ್ಲ, ಹಾಗೆ. ಆರೋಗ್ಯದ ಮಾಂಸದಿಂದ ಔಷಧಿ ಹರಿದು ಹೋಗಿ ಅದು ಕಪ್ಪಗೆ ಕಾಣುತ್ತದೆ, ಪೆಟ್ಟು ಬಿದ್ದ ಜಾಗದಲ್ಲಿ ನಿಂತು ಬೆಳ್ಳಗೆ ಹೊಳೆಯುತ್ತದೆ.

ಆ ಬಿಳಿ ಎಲ್ಲಿದೆ ಅನ್ನುವುದರಲ್ಲೇ ಅರ್ಧ ಉತ್ತರ ಇದೆ. ಹೃದಯಕ್ಕೆ ರಕ್ತ ಕೊಡುವ ನಾಳಗಳು ಹೊರಮೈ ಮೇಲೆ ಹರಿಯುತ್ತವೆ, ಒಳಪದರ ಕಟ್ಟಕಡೆಯ ಮನೆ. ನಾಳ ಕಟ್ಟಿಕೊಂಡರೆ ಮೊದಲು ಸಾಯುವುದು ಅದೇ, ಹಾಗಾಗಿ ಹಾರ್ಟ್ ಅಟ್ಯಾಕಿನ ಕಲೆ ಒಳಗಿನಿಂದ ಹೊರಕ್ಕೆ ಬೆಳೆಯುತ್ತದೆ. ವೈರಸ್ಸಿನಿಂದ ಆಗುವ ಉರಿಯೂತಕ್ಕೆ, ಅಂದರೆ ಮಯೋಕಾರ್ಡೈಟಿಸ್‌ಗೆ, ಈ ಲೆಕ್ಕ ಇಲ್ಲ. ಅದು ಸಾಮಾನ್ಯವಾಗಿ ಪಕ್ಕದ ಗೋಡೆಯ ಹೊರಪದರದಲ್ಲೋ ನಡುಪದರದಲ್ಲೋ ತೇಪೆ ತೇಪೆಯಾಗಿ ಕಾಣುತ್ತದೆ. ಇಪ್ಪತ್ತೈದರ ಹುಡುಗ, ಜ್ವರದ ಹಿಂದೆಯೇ ಎದೆ ನೋವು, ರಕ್ತದಲ್ಲಿ ಟ್ರೋಪೋನಿನ್ (ಹೃದಯದ ಮಾಂಸಕ್ಕೆ ಪೆಟ್ಟು ಬಿದ್ದರೆ ಏರುವ ಅಂಶ) ಜಾಸ್ತಿ, ಆಂಜಿಯೋಗ್ರಾಂ ಮಾಡಿದರೆ ನಾಳ ಎಲ್ಲಾ ಕ್ಲೀನ್. ಇಂಥವರಲ್ಲಿ ಎಂಆರ್‌ಐ ಕೊಡುವಷ್ಟು ಉತ್ತರ ಬೇರೆ ಯಾವ ಸ್ಕ್ಯಾನೂ ಕೊಡುವುದಿಲ್ಲ. ಅದೂ ಮೊದಲ ಎರಡು ಮೂರು ವಾರದ ಒಳಗೆ ಮಾಡಿದರೆ. ತಡ ಆದರೆ ಊತ ಇಳಿದಿರುತ್ತದೆ, ಉಳಿದ ಕಲೆ ಹೊಸದೋ ಹಳೆಯದೋ ಹೇಳುವುದು ಕಷ್ಟ.

ಯಾವ ತೊಂದರೆಯೂ ಇಲ್ಲದವರ ವಿಷಯವೇ ಬೇರೆ. 2020ರ ಜುಲೈನಲ್ಲಿ ಜರ್ಮನಿಯ ಫ್ರಾಂಕ್‌ಫರ್ಟಿನಿಂದ ಒಂದು ಅಧ್ಯಯನ ಬಂತು. ಕೋವಿಡ್‌ನಿಂದ ಚೇತರಿಸಿಕೊಂಡ 100 ಜನರಲ್ಲಿ 78 ಮಂದಿಯ ಹೃದಯದ ಎಂಆರ್‌ಐನಲ್ಲಿ ಏನೋ ಒಂದು ಏರುಪೇರು. ನಮ್ಮ ವಾಟ್ಸಾಪ್ ಗ್ರೂಪುಗಳಲ್ಲಿ ಆ ದಿನ ಬೇರೆ ಮಾತೇ ಇರಲಿಲ್ಲ. ಆಮೇಲೆ ಓದುಗರು ಅಂಕಿಗಳಲ್ಲಿ ತಪ್ಪು ಹಿಡಿದರು, ಲೇಖಕರು ತಿದ್ದುಪಡಿ ಹಾಕಿದರು. ಮುಖ್ಯ ತೀರ್ಮಾನ ಬದಲಾಗಿಲ್ಲ ಅಂದರು, ಆದರೆ ವ್ಯತ್ಯಾಸ ಮೊದಲು ಹೇಳಿದಷ್ಟು ದೊಡ್ಡದಾಗಿ ಉಳಿಯಲಿಲ್ಲ. 2021ರಲ್ಲಿ ಅಮೆರಿಕದ ಬಿಗ್ ಟೆನ್ ಅನ್ನುವ ಕಾಲೇಜು ಕ್ರೀಡಾ ಒಕ್ಕೂಟದ ವಿಶ್ವವಿದ್ಯಾಲಯಗಳು ಕೋವಿಡ್ ಬಂದು ಹೋದ 1,597 ಆಟಗಾರರಿಗೆ ಎಂಆರ್‌ಐ ಮಾಡಿದಾಗ ಮಯೋಕಾರ್ಡೈಟಿಸ್ ಅಂತ ಕಂಡದ್ದು 37 ಜನರಲ್ಲಿ. ಅವರಲ್ಲೂ ಎದೆಯ ತೊಂದರೆ ಅಂತ ಹೇಳಿಕೊಂಡವರು ಒಂಬತ್ತೇ ಮಂದಿ. ಅದೇ ವರ್ಷ ಲಂಡನ್ನಿನಲ್ಲಿ, ಸೌಮ್ಯವಾಗಿ ಕೋವಿಡ್ ಬಂದ ಆಸ್ಪತ್ರೆ ಸಿಬ್ಬಂದಿಯನ್ನು ಬಾರದವರ ಜೊತೆ ಆರು ತಿಂಗಳ ನಂತರ ಹೋಲಿಸಿ ನೋಡಿದರು. ಎರಡು ಗುಂಪಿಗೂ ವ್ಯತ್ಯಾಸ ಕಾಣಲಿಲ್ಲ.

ಇಷ್ಟು ಅಂತರ ಯಾಕೆ? ಸ್ಕ್ಯಾನ್ ಮಾಡಿದ್ದು ಯಾರಿಗೆ, ಯಾವಾಗ ಅನ್ನುವುದು ಒಂದು. ಇನ್ನೊಂದು ಕಾರಣ ಹೊರಗಿನವರಿಗೆ ಅಷ್ಟು ಗೊತ್ತಿಲ್ಲ. ಟಿ1, ಟಿ2ಗೆ ಶುಗರ್ ಟೆಸ್ಟಿನ ಹಾಗೆ ಎಲ್ಲಾ ಕಡೆ ಒಂದೇ ನಾರ್ಮಲ್ ಅನ್ನುವುದಿಲ್ಲ. ಮೆಷಿನ್ ಬದಲಾದರೆ, ಕೆಲವೊಮ್ಮೆ ಅದರ ಸಾಫ್ಟ್‌ವೇರ್ ಬದಲಾದರೂ, ಸಂಖ್ಯೆ ಬದಲಾಗುತ್ತದೆ. ಪ್ರತಿ ಸೆಂಟರೂ ತನ್ನ ಮೆಷಿನ್ನಿನಲ್ಲಿ ಆರೋಗ್ಯವಂತರನ್ನು ಮಲಗಿಸಿ ತನ್ನದೇ ನಾರ್ಮಲ್ ಕಂಡುಕೊಳ್ಳಬೇಕು. ಗೆರೆ ಎಲ್ಲಿ ಎಳೆಯುತ್ತೀರಿ ಅನ್ನುವುದರ ಮೇಲೆ ಎಷ್ಟು ಜನ ರೋಗಿಗಳು ಅನ್ನುವುದು ನಿಂತಿದೆ.

ನನ್ನ ತಪ್ಪನ್ನೂ ಹೇಳಿಬಿಡುತ್ತೇನೆ. ಆಗ ನಾನು ಬೇರೆ ಆಸ್ಪತ್ರೆಯಲ್ಲಿದ್ದೆ. ಕಬಡ್ಡಿ ಆಡುವ ಹುಡುಗ, ಸೌಮ್ಯ ಕೋವಿಡ್ ಬಂದು ಹೋಗಿತ್ತು, ತೊಂದರೆ ಏನೂ ಇಲ್ಲ, ಸೆಲೆಕ್ಷನ್‌ಗೆ ಮುಂಚೆ ಇರಲಿ ಅಂತ ಯಾರೋ ಎಂಆರ್‌ಐ ಬರೆದಿದ್ದರು. ಎರಡು ಕೋಣೆಗಳ ಗೋಡೆ ಸೇರುವ ಮೂಲೆಯಲ್ಲಿ ಸಣ್ಣ ಬಿಳಿ ಚುಕ್ಕೆ. ನಾನು "ಮಯೋಕಾರ್ಡೈಟಿಸ್ ಇರಬಹುದು" ಅಂತ ಬರೆದೆ. ಆಗೆಲ್ಲಾ ಹಾಗೆ ಬರೆದರೆ ಏನಾಗುತ್ತಿತ್ತು? ಮೂರರಿಂದ ಆರು ತಿಂಗಳು ಆಟ ಬಂದ್. ಆ ಮೂಲೆಯ ಚುಕ್ಕೆ ಚೆನ್ನಾಗಿ ವ್ಯಾಯಾಮ ಮಾಡುವವರಲ್ಲಿ ಹಾಗೇ ಸುಮ್ನೆ ಇರಬಹುದು ಅಂತ ವಾರದ ಮೀಟಿಂಗಿನಲ್ಲಿ ನಮ್ಮ ಸೀನಿಯರ್ ತೋರಿಸಿಕೊಟ್ಟರು. ಟಿ2 ನಾರ್ಮಲ್ ಇತ್ತು, ಟ್ರೋಪೋನಿನ್ ನಾರ್ಮಲ್ ಇತ್ತು, ಅದನ್ನೆಲ್ಲಾ ನಾನೇ ಅದೇ ರಿಪೋರ್ಟಿನಲ್ಲಿ ಬರೆದಿದ್ದೆ. ತಿದ್ದಿದ ರಿಪೋರ್ಟ್ ಕೊಡಲು ಫೋನ್ ಮಾಡಿದೆ. ಅಷ್ಟರಲ್ಲಿ ಸೆಲೆಕ್ಷನ್ ಮುಗಿದಿತ್ತು. "ಪರವಾಗಿಲ್ಲ ಮೇಡಂ" ಅಂದ. ಆ ಮಾತು ಈಗಲೂ ಚುಚ್ಚುತ್ತದೆ.

ಹಾಗಂತ ತೊಂದರೆ ಇದ್ದವರು ಸುಮ್ಮನೆ ಕೂರಬೇಡಿ. ಜ್ವರದ ಸಮಯದಲ್ಲೋ ಬಿಟ್ಟ ಮೇಲೋ ಎದೆ ನೋವು, ಮಲಗಿದರೆ ಉಸಿರು ಕಟ್ಟುವುದು, ಎಚ್ಚರ ತಪ್ಪುವುದು, ಎದೆ ಅಡ್ಡಾದಿಡ್ಡಿ ಹೊಡೆದುಕೊಳ್ಳುವುದು, ಕಾಲು ಊದುವುದು, ಇವುಗಳಲ್ಲಿ ಯಾವುದೇ ಇದ್ದರೂ ಅದೇ ದಿನ ಆಸ್ಪತ್ರೆಗೆ ಹೋಗಿ. ಅಲ್ಲಿ ಮೊದಲು ಇಸಿಜಿ, ಟ್ರೋಪೋನಿನ್, ಎಕೋ (ಹೃದಯದ ಅಲ್ಟ್ರಾಸೌಂಡ್). ಮೂರೂ ಸರಿ ಇದ್ದು ತೊಂದರೆಯೂ ಇಳಿಯುತ್ತಿದ್ದರೆ ಸಾಮಾನ್ಯವಾಗಿ ನನ್ನ ತನಕ ಬರುವ ಅಗತ್ಯವೇ ಬೀಳುವುದಿಲ್ಲ. ಬರಿ ಸುಸ್ತು ಅಂದರೆ ಇನ್ನೂ ಬೇರೆ ಲೆಕ್ಕ, ಹಿಮೋಗ್ಲೋಬಿನ್, ಥೈರಾಯ್ಡ್ ಮೊದಲು ನೋಡಿಸಿ.

ನನ್ನ ತನಕ ಬರಲೇಬೇಕಾದವರಿಗೆ ಒಂದೆರಡು ಮಾತು. ಪೇಸ್‌ಮೇಕರ್ ಇದ್ದರೆ, ಕಿಡ್ನಿ ತೊಂದರೆ ಇದ್ದರೆ ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳುವಾಗಲೇ ಹೇಳಿ, ಮೇಜಿನ ಮೇಲೆ ಮಲಗಿದ ಮೇಲೆ ಅಲ್ಲ. ಹಿಂದಿನ ಸಲದ ರಿಪೋರ್ಟಿನ ಜೊತೆ ಸಿಡಿಯನ್ನೂ ತನ್ನಿ. ಬಿಳಿ ಚುಕ್ಕೆ ಬೆಳೆದಿದೆಯೋ ಕುಗ್ಗಿದೆಯೋ ಅಂತ ಬರಿ ಕಾಗದ ನೋಡಿ ನಾನು ಹೇಳಲಾರೆ.