ಎರೆಹೊಲದ ಹಕ್ಕಿಗೆ ಕಾಡಿನ ಕಾಯ್ದೆ

ಸಿರುಗುಪ್ಪ ಸೀಮೆಯ ಎರೆಹೊಲಗಳಲ್ಲಿ ಬೆರಳೆಣಿಕೆಯಷ್ಟೇ ಉಳಿದಿರುವ ಯರ್ಲಡ್ಡು, ಅಂದರೆ ಗ್ರೇಟ್ ಇಂಡಿಯನ್ ಬಸ್ಟರ್ಡ್, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಅತಿ ಹೆಚ್ಚು ರಕ್ಷಣೆಯ ಪಟ್ಟಿಯಾದ ಷೆಡ್ಯೂಲ್ 1ರಲ್ಲಿದೆ. ಕೊಂದರೆ ಕನಿಷ್ಠ 3, ಗರಿಷ್ಠ 7 ವರ್ಷ ಜೈಲು. 2022ರ ತಿದ್ದುಪಡಿಯ ನಂತರ ದಂಡ 25,000 ರೂಪಾಯಿಗೆ ಕಡಿಮೆಯಿಲ್ಲ. ಗೂಡು ಕೆಡಿಸಿದರೂ ಮೊಟ್ಟೆ ಒಡೆದರೂ ಕಾಯ್ದೆಯ ಲೆಕ್ಕದಲ್ಲಿ ಅದು ಬೇಟೆಯೇ. ಆದರೆ ಮೊಟ್ಟೆಯಿಲ್ಲದ ತಿಂಗಳಲ್ಲಿ ಪಟ್ಟಾದಾರ ತನ್ನ ಬೀಳು ಉತ್ತು, ನೀರು ಹಾಯಿಸಿ ಭತ್ತ ನಾಟಿ ಮಾಡಿದರೆ ಅಪರಾಧವಲ್ಲ. ಮರುವರ್ಷ ಹಕ್ಕಿಗೆ ಮೊಟ್ಟೆಯಿಡಲು ಜಾಗವಿರುವುದಿಲ್ಲ, ಅಷ್ಟೆ.

ಅಭಯಾರಣ್ಯ ಮಾಡಿಬಿಡಿ ಎಂದು ಹೇಳುವುದು ಸುಲಭ. ಸೆಕ್ಷನ್ 18ರಡಿ ಉದ್ದೇಶದ ಅಧಿಸೂಚನೆ ಹೊರಡಬೇಕು, ಜಿಲ್ಲಾಧಿಕಾರಿ ಹಕ್ಕುಗಳ ವಿಚಾರಣೆ ನಡೆಸಬೇಕು, ಆಮೇಲೆ 26ಎ ಅಡಿ ಅಂತಿಮ ಘೋಷಣೆ. ಒಳಗೆ ಬರುವ ಪಟ್ಟಾ ಜಮೀನನ್ನು ಸ್ವಾಧೀನ ಮಾಡಿಕೊಳ್ಳಬೇಕು, ಗಡಿಯಿಂದ ಬಿಡಬೇಕು, ಇಲ್ಲವೇ ಹಕ್ಕು ಮುಂದುವರಿಸಲು ಒಪ್ಪಬೇಕು. ಮಹಾರಾಷ್ಟ್ರದಲ್ಲಿ 1979ರಲ್ಲಿ ಈ ಹಕ್ಕಿಗಾಗಿ 8,496 ಚದರ ಕಿ.ಮೀ. ಅಭಯಾರಣ್ಯದ ಗೆರೆ ಎಳೆದರು. ಊರು, ಪೇಟೆ, ಹೊಲ ಎಲ್ಲವೂ ಒಳಗೆ ಬಿದ್ದವು. ರೈತರಿಗೆ ಹಕ್ಕಿಯೇ ಹಗೆಯಾಯಿತು. ಕೊನೆಗೆ ಅದನ್ನು ಸುಮಾರು 1,222 ಚದರ ಕಿ.ಮೀ.ಗೆ ಇಳಿಸಬೇಕಾಯಿತು.

ಖಾಸಗಿ ಹೊಲಕ್ಕೆ ಹೊಂದುವುದು 36ಸಿ ಅಡಿಯ ಸಮುದಾಯ ಮೀಸಲು. ಮಾಲೀಕರೇ ಮುಂದೆ ಬರಬೇಕು. ಜಮೀನು ಅವರ ಹೆಸರಿನಲ್ಲೇ ಇರುತ್ತದೆ. ತೊಡಕೂ ಅಲ್ಲೇ ಇದೆ: ಘೋಷಣೆಯಾದ ಮೇಲೆ ಭೂಬಳಕೆ ಬದಲಿಸಲು ನಿರ್ವಹಣಾ ಸಮಿತಿಯ ಠರಾವೂ ಸರ್ಕಾರದ ಒಪ್ಪಿಗೆಯೂ ಬೇಕು. ಕೈಗೆ ಕಾಸಿಲ್ಲದೆ ಇದಕ್ಕೆ ಯಾರು ಸಹಿ ಹಾಕುತ್ತಾರೆ? 2007ರಲ್ಲಿ ಸಮುದಾಯ ಮೀಸಲಾದ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ, ಹಕ್ಕಿ ಗೂಡು ಕಟ್ಟಿದ ಹುಣಸೆಮರದ ಮಾಲೀಕರಿಗೆ ಅರಣ್ಯ ಇಲಾಖೆ ಹಣ ಕೊಡುವ ರೂಢಿ ಬೆಳೆಯಿತು. ಮರವನ್ನು ಎಣಿಸಬಹುದು. ಬೀಳು ಬಿಟ್ಟ ಎಕರೆಗೆ ದರ ಕಟ್ಟುವುದು ಅದಕ್ಕಿಂತ ಕಷ್ಟದ ಕೆಲಸ.

ಹಣಕ್ಕೆ ಕೇಂದ್ರದ ವನ್ಯಜೀವಿ ಆವಾಸಸ್ಥಾನ ಅಭಿವೃದ್ಧಿ ಯೋಜನೆಯಿದೆ. ಅಳಿವಿನಂಚಿನ ಪ್ರಭೇದಗಳ ಪುನಶ್ಚೇತನಕ್ಕೆ ಅದರಲ್ಲಿ ಪ್ರತ್ಯೇಕ ಭಾಗವುಂಟು; ನಮ್ಮಂಥ ರಾಜ್ಯಗಳಿಗೆ ಪಾಲು 60:40. ರಾಜ್ಯದ 40 ಸೇರದಿದ್ದರೆ, ಹಿಂದಿನ ಕಂತಿನ ಬಳಕೆ ಪ್ರಮಾಣಪತ್ರ ಹೋಗದಿದ್ದರೆ, ಮುಂದಿನ ಕಂತು ನಿಲ್ಲುತ್ತದೆ. ಹಕ್ಕಿ ಸಂತಾನಕ್ಕೆ ಕೂರುವುದು ಮಾರ್ಚ್‌ನಿಂದ ಸೆಪ್ಟೆಂಬರ್ ನಡುವೆ, ಸಾಮಾನ್ಯವಾಗಿ ಒಂದೇ ಮೊಟ್ಟೆ, ಅದೂ ಬರೀ ನೆಲದ ಮೇಲೆ. ಜನವರಿಯಲ್ಲಿ ಕೈಸೇರುವ ದುಡ್ಡಿನಿಂದ ಆ ವರ್ಷದ ಗೂಡುಗಳನ್ನು ನಾಯಿಗಳಿಂದ ಕಾಯಲಾಗದು.

ಇನ್ನೊಂದು ಮೂಲ ಕಾಂಪಾ, ಅಂದರೆ ಪರಿಹಾರಾತ್ಮಕ ಅರಣ್ಯೀಕರಣದ ನಿಧಿ. ಕಾಡು ಕಳೆದುಕೊಂಡದ್ದಕ್ಕೆ ಬರುವ ಹಣವಾದ್ದರಿಂದ ಅದರ ಒಲವೆಲ್ಲ ಸಸಿ ನೆಡುವ ಕಡೆಗೆ. ಹುಲ್ಲುಗಾವಲಿಗೆ ಸಸಿಯೇ ಮೃತ್ಯು: ದೂರದಿಂದಲೇ ಶತ್ರುವನ್ನು ಕಂಡು ಬಚಾವಾಗುವ ಹಕ್ಕಿಗೆ ಮರ ಕಣ್ಣಿಗೆ ಅಡ್ಡ, ಮೊಟ್ಟೆ ಕದಿಯುವ ಕಾಗೆಗೆ ಮಾತ್ರ ಆಸನ. ರಾಣೆಬೆನ್ನೂರಿನಲ್ಲಿ 1974ರಲ್ಲೇ ಅಭಯಾರಣ್ಯವಾಯಿತು. ಹುಲ್ಲಿನ ಮೇಲೆ ನೀಲಗಿರಿ ಎದ್ದು ನಿಂತಿತು. ಒಂದು ಕಾಲಕ್ಕೆ ಅಲ್ಲಿದ್ದ ಯರ್ಲಡ್ಡು ಈಗಿಲ್ಲ.

ಆದ್ದರಿಂದ ಕಾರ್ಯಯೋಜನೆಯಲ್ಲಿ 'ಹುಲ್ಲುಗಾವಲು ಪುನಶ್ಚೇತನ' ಎಂದೇ ಬಾಬ್ತು ಬರೆಯಬೇಕು, ಸಸಿ ನೆಡುವ ಗುಂಡಿಗಳ ಲೆಕ್ಕದಲ್ಲಲ್ಲ. ಮೊದಲ ಖರ್ಚು ಬಳ್ಳಾರಿ ಜಾಲಿ ತೆಗೆಸಲು, ಮಳೆಗೆ ಮುಂಚೆ, ಬುಡಸಮೇತ. ಬರೀ ಕಡಿಸಿದರೆ ಮಳೆ ಬಿದ್ದೊಡನೆ ಚಿಗುರಿ ಕವಲೊಡೆಯುತ್ತದೆ. ಅದೇ ಬಿಲ್ಲು ಮುಂದಿನ ವರ್ಷವೂ ಬರುತ್ತದೆ.